ಎರಡೂ ಮನೆ ನೋಡದೆ ಹೇಳಿದ ಮಾತು

ಮನೆ ಬದಲಿಸುವವರು ನಮ್ಮಂಥವರನ್ನು ಕರೆಯುವ ಮೊದಲು ನಾಲ್ಕು ದಿನ ತಮ್ಮತಮ್ಮಲ್ಲೇ ಜಗ್ಗಾಡುತ್ತಾರೆ. ಗೆಳೆಯರು, ಬೀಗರು ಸೇರಿ ನಾವೇ ಸಾಗಿಸಿಬಿಡೋಣವೇ, ಇಲ್ಲ ಕೆಲಸ ಬಲ್ಲವರ ಕೈಗೆ ಕೊಡೋಣವೇ? ಮನೆಯಲ್ಲಿ ಬಗೆಹರಿಯದಿದ್ದಾಗ ಅದೇ ಪ್ರಶ್ನೆಯನ್ನು ನಮ್ಮನ್ನೇ ಕೇಳುತ್ತಾರೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಭಾರ ಎತ್ತುವುದನ್ನು ನೀವು ಆರು ತಿಂಗಳಲ್ಲಿ ಕಲಿಯುತ್ತೀರಿ. ಆ ಪ್ರಶ್ನೆಗೆ ಉತ್ತರ ಹೇಳುವುದನ್ನು ಕಲಿಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಒಬ್ಬ ಮನುಷ್ಯನ ಕಾಲು ಹಾಳಾಗಿತ್ತು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಈ ಊರುಗಳಲ್ಲಿ ನಾನು ಸಾಮಾನು ಏರಿಸಿ ಇಳಿಸದ ಓಣಿ ಕಡಿಮೆ. ಮೊದಲು ಪೇಟೆಯಲ್ಲಿ ಬೆಲ್ಲದ ಪೆಂಟಿ ಹೊರುವ ಹಮಾಲನಾಗಿದ್ದೆ. ಅಲ್ಲಿಂದ ನನ್ನನ್ನು ಮನೆ ಸಾಮಾನು ಸಾಗಿಸುವ ಕೆಲಸಕ್ಕೆ ಎಳೆದುಕೊಂಡವರು ದಸ್ತಗೀರ ಮಾಮಾ. ಅವರ ಹತ್ತಿರ ಆಗ ಇದ್ದದ್ದು ಒಂದೇ ಟೆಂಪೊ. ಮೊದಲ ದಿನವೇ ನಾನು ಒಂದು ಗಂಟನ್ನು ಹೆಗಲಿನಿಂದ ದೊಪ್ಪನೆ ಇಳಿಸಿದ್ದನ್ನು ನೋಡಿ ಅವರು ಹತ್ತಿರ ಬಂದರು.

“ಲೇ ಪರಪ್ಪಾ, ಬೆಲ್ಲದ ಪೆಂಟಿ ಬಿದ್ದು ಒಡದ್ರೂ ಬೆಲ್ಲಾನ ಇರತೈತಿ. ಮನಿ ಸಾಮಾನ ಹಂಗಲ್ಲಪಾ. ಒಡದ ಮ್ಯಾಲೆ ಅದು ಏನಾತು ಅನ್ನೂದು ನಿನಗ ಗೊತ್ತಾಗೂದಿಲ್ಲ, ಮನಿಯವರಿಗಷ್ಟ ಗೊತ್ತಾಗತೈತಿ.”

ಆ ಕಾಲದಲ್ಲಿ ನಮ್ಮ ಹತ್ತಿರ ಹಗ್ಗ ಮತ್ತು ಗೋಣಿಚೀಲ ಬಿಟ್ಟು ಬೇರೇನೂ ಇರಲಿಲ್ಲ. ಕನ್ನಡಿಗೆ ಆ ಮನೆಯದೇ ಕೌದಿ ಸುತ್ತುತ್ತಿದ್ದೆವು. ಗಾಜಿನ ಸಾಮಾನಿನ ನಡುವೆ ಆ ಮನೆಯದೇ ಹಳೆಯ ಸೀರೆ, ಧೋತರ ತುರುಕುತ್ತಿದ್ದೆವು. ಅದಕ್ಕೆ ಮನೆಯ ಹೆಣ್ಣುಮಕ್ಕಳು ನಮ್ಮ ಜೊತೆಯಲ್ಲೇ ಕೂತು ಕಟ್ಟಬೇಕಾಗುತ್ತಿತ್ತು. ಆಮೇಲೆ ರಟ್ಟಿನ ಡಬ್ಬಿ ಬಂದವು, ಟೇಪು ಬಂತು, ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್ ಹಾಳೆ ಬಂತು. ಎರಡು ದಿನದ ಕೆಲಸ ಅರ್ಧ ದಿನಕ್ಕಿಳಿಯಿತು, ಒಡೆಯುವುದೂ ಕಡಿಮೆಯಾಯಿತು. ಆದರೆ ಮನೆಯವರು ತಮ್ಮ ಮನೆಯ ಕಟ್ಟೆಯ ಮೇಲೆ ತಾವೇ ಬೀಗರ ಹಾಗೆ ಕೂರತೊಡಗಿದರು. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಆಗ ನಾನು ಯೋಚಿಸಲಿಲ್ಲ.

ನನ್ನ ಮೊದಲ ದೊಡ್ಡ ತಪ್ಪು ನಡೆದದ್ದು ಬನಹಟ್ಟಿಯಲ್ಲಿ. ಶಂಕ್ರೆಪ್ಪ ಎಂಬ ನೇಕಾರರು ಬನಹಟ್ಟಿಯ ಬಾಡಿಗೆ ಮನೆ ಬಿಟ್ಟು ರಬಕವಿಯಲ್ಲಿ ತಮ್ಮನ ಮನೆಯ ಪಕ್ಕಕ್ಕೆ ಹೋಗುವವರಿದ್ದರು. ಅವರದು ಕೈಮಗ್ಗ. “ಪಾತ್ರಿ, ಪೆಟ್ಟಿಗಿ, ಕಾಳಿನ ಚೀಲ ನೀವು ಒಯ್ರಿ. ಮಗ್ಗ ಮಾತ್ರ ನಾವ ತರತೀವಿ” ಎಂದು ಮೊದಲೇ ಹೇಳಿ, ಹೊಸ ಮನೆಯಲ್ಲಿ ಮಗ್ಗದ ಕುಣಿ, ಅಂದರೆ ನೇಯುವವರು ಕಾಲು ಇಳಿಬಿಡುವ ತಗ್ಗು, ಸರಿಯಾಗಿದೆಯೋ ಇಲ್ಲವೋ ನೋಡಲು ಹೋದರು. ಮಾಮಾ ಆ ದಿನ ಜೊತೆಗಿರಲಿಲ್ಲ. ಉಳಿದ ಸಾಮಾನೆಲ್ಲ ಬೇಗ ಏರಿತು. ಟೆಂಪೊದಲ್ಲಿ ಇನ್ನೂ ಜಾಗವಿತ್ತು. ನನಗೆ ಹುರುಪು.

“ಮಗ್ಗಾನೂ ಹಾಕ್ಕೊಂಡ ಹೋಗತೇವ್ರಿ ಅಕ್ಕಾ. ಇದರಾಗ ಏನ ಐತಿ, ನಾಕ ಕಟಗಿ” ಎಂದೆ ಅವರ ಹೆಂಡತಿ ಮಹಾದೇವಕ್ಕನಿಗೆ.

“ಅವರು ಬರಲಿ ತಮ್ಮಾ” ಎಂದು ಆಕೆ ಹೇಳಿದಳು. ನಾನು ಕೇಳಲಿಲ್ಲ.

ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯಿತ್ತು, ಮುಂದೆ ನೇಯಬೇಕಾದ ಹಾಸು ಉದ್ದಕ್ಕೆ ಬಿಗಿದಿತ್ತು. ಸಾವಿರಾರು ಎಳೆಗಳು ಒಂದೊಂದೂ ತನ್ನ ಜಾಗದಲ್ಲಿ ನಿಂತಿರುತ್ತವೆ ಎಂಬುದು ನನಗೆ ತಿಳಿದಿರಲಿಲ್ಲ. ಒಂದು ಗೂಟ ಬಡಿದು ಬಿಚ್ಚಿದ್ದೇ ತಡ, ಹಾಸು ಸುತ್ತಿದ್ದ ದಿಂಡು ಗರಗರ ತಿರುಗಿ ಸಡಿಲವಾಯಿತು. ಹಿಡಿಯಲು ಹೋದ ನನ್ನ ಕೈಯೇ ಎಳೆಗಳ ನಡುವೆ ಸಿಕ್ಕಿ ಒಂದು ಮಗ್ಗುಲು ಪೂರಾ ಹರಿಯಿತು. ಉಳಿದದ್ದು ಸಿಕ್ಕುಗಟ್ಟಿ ನೆಲದ ಮೇಲೆ ಬಿತ್ತು.

ಶಂಕ್ರೆಪ್ಪನವರು ಬಂದು ನೋಡಿ ಬೈಯಲಿಲ್ಲ. ಹೊಸ್ತಿಲ ಮೇಲೆ ಕೂತುಬಿಟ್ಟರು. ಮಾತಾಡಿದ್ದು ಮಹಾದೇವಕ್ಕ.

“ನಾಕ ಕಟಗಿ ಅಂದಿದ್ಯಲ್ಲ ತಮ್ಮಾ. ಈಗ ಎಳಿ ಎಣಸು.”

ಸಂಜೆ ಮಾಮಾನ ಎದುರು ನಿಂತಾಗ ಎರಡೇಟು ಬಿದ್ದಾವು ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ: “ಮಗ್ಗ ನಾವ ತರತೀವಿ ಅಂತ ಅವರು ಹೇಳಿದ್ರಲ್ಲ, ಯಾಕ ಅಂತ ಕೇಳಿದ್ಯೇನು?” ಕೇಳಿರಲಿಲ್ಲ. ಮರುದಿನದಿಂದ ಎಳೆ ಕೆಚ್ಚಿ ಮುಗಿಯುವವರೆಗೂ ಆ ಮನೆಗೆ ಹೋಗಿ ಕೂರಬೇಕೆಂದು ಅಪ್ಪಣೆಯಾಯಿತು. ಹರಿದ ಎಳೆಗೆ ಎಳೆ ಹೊಸೆದು ಜೋಡಿಸುವುದೇ ಕೆಚ್ಚುವುದು. ನನ್ನ ಬೆರಳು ಅದಕ್ಕೆ ಬರುತ್ತಿರಲಿಲ್ಲ. ಗಂಡ ಹೆಂಡತಿ ಕೆಚ್ಚುತ್ತಿದ್ದರು, ನಾನು ಸಿಕ್ಕು ಬಿಡಿಸಿ ಹಿಡಿದುಕೊಂಡಿರುತ್ತಿದ್ದೆ. ಮೂರನೆಯ ದಿನ ಮಹಾದೇವಕ್ಕ ನನ್ನ ಮುಂದೆಯೂ ಒಂದು ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ ಇಟ್ಟಳು. ತಲೆ ಎತ್ತದೆ ಉಂಡೆ.

ಅಂದಿನಿಂದ ಒಂದು ಮಾತು ನನ್ನಲ್ಲಿ ಉಳಿಯಿತು. ಯಾರಾದರೂ “ಇದನ್ನ ನಾವ ಒಯ್ತೀವಿ” ಎಂದರೆ ಅದಕ್ಕೊಂದು ಕಾರಣವಿರುತ್ತದೆ. ಆದರೆ ಅದು ಅರ್ಧ ಪಾಠವಷ್ಟೆ. ಉಳಿದರ್ಧ ಮುಧೋಳದಲ್ಲಿ ಕಾದಿತ್ತು.

ಅಷ್ಟೊತ್ತಿಗೆ ದಸ್ತಗೀರ ಮಾಮಾ ತೀರಿಕೊಂಡಿದ್ದರು. ಅವರ ಮಗ ರಫೀಕ ವ್ಯವಹಾರ ಹಿಡಿದಿದ್ದ. ಟೆಂಪೊದ ಜೊತೆ ಎರಡು ಲಾರಿ ಬಂದಿದ್ದವು. ನಾನು ಆಳುಗಳ ಮೇಲೆ ಹಿರಿಯ. ಫೋನ್ ಎತ್ತಿ ಗಿರಾಕಿಗಳ ಜೊತೆ ಮಾತಾಡುವುದೂ ನನ್ನದೇ ಕೆಲಸ. ರಫೀಕ ಒಳ್ಳೆಯ ಹುಡುಗ, ಆದರೆ ಅವಸರದವನು. “ಕಾಕಾ, ಫೋನಿನ್ಯಾಗ ಮುಗಸ್ರಿ. ಮನಿ ಮನಿ ತಿರುಗಿ ನೋಡಕೋತ ಕುಂತ್ರ ಕೆಲಸಾ ಯಾವಾಗ ಮಾಡೂದು?” ಎನ್ನುತ್ತಿದ್ದ. ನಾನೂ ಹಾಗೇ ರೂಢಿ ಮಾಡಿಕೊಂಡಿದ್ದೆ.

ಒಂದು ಬೆಳಿಗ್ಗೆ ತೇರದಾಳದಲ್ಲಿ ಒಬ್ಬ ವ್ಯಾಪಾರಿಯ ದೊಡ್ಡ ಮನೆಯ ಸಾಮಾನು ಲಾರಿಗೆ ಏರಿಸುತ್ತಿದ್ದೆವು. ಆಗ ಮುಧೋಳದಿಂದ ಫೋನ್ ಬಂತು. ಬಸವರಾಜ ಮಾಸ್ತರ ಎಂದು ಹೆಸರು ಹೇಳಿದರು. ದನಿ ಮೆತ್ತಗಿತ್ತು.

“ನಾವು ಮನಿ ಬದಲಿ ಮಾಡಾಕತ್ತೇವ್ರಿ. ಭಾಳ ದೂರೇನಿಲ್ಲ, ಎರಡ ಓಣಿ ಆಚೆ. ನಿಮ್ಮನ್ನ ಕರಸಬೇಕೋ, ನಾವ ಮಾಡ್ಕೊಂಡ್ರ ಆಗತೈತೋ ಅಂತ ಕೇಳೂದಿತ್ತು.”

“ಜನ ಅದಾರೇನ್ರಿ ಸರ?”

“ನನ್ನ ತಮ್ಮ ಪೈಲ್ವಾನ ಅದಾನ್ರಿ. ಅವನ ಗರಡಿ ಗೆಳೆಯಾರು ಮೂರ ಮಂದಿ ಬರತಾರ.”

“ಹಂಗಾದ್ರ ನಮ್ಮನ್ಯಾಕ ಕರಸ್ತೀರಿ? ಎರಡ ಓಣಿ ಅಂದ್ರ ಊಟ ಆಗೂದ್ರಾಗ ಮುಗೀತೈತಿ. ನೀವ ಮಾಡ್ಕೋರಿ.”

ಅವರು ಸಮಾಧಾನದಿಂದ ಫೋನ್ ಇಟ್ಟರು. ಸಿಗುವ ಕೆಲಸವನ್ನು ಬಿಟ್ಟುಕೊಟ್ಟು ಖರೆ ಮಾತು ಹೇಳಿದೆನಲ್ಲ ಎಂಬ ಹೆಮ್ಮೆಯಲ್ಲೇ ನಾನು ಮತ್ತೆ ಹಗ್ಗ ಬಿಗಿಯತೊಡಗಿದೆ. ಹೊಸ ಮನೆ ಎಷ್ಟನೇ ಮಾಳಿಗೆ, ಮೆಟ್ಟಿಲು ಹೇಗಿವೆ ಎಂದು ನಾನು ಕೇಳಿರಲಿಲ್ಲ. ಅದನ್ನು ಹೇಳಬೇಕೆಂದು ಅವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಅದು ಗೊತ್ತಿರಬೇಕಾದವನು ನಾನು.

ನಾಲ್ಕು ದಿನ ಬಿಟ್ಟು ಅದೇ ಮಾಸ್ತರರ ಫೋನ್ ಬಂತು. “ಅರ್ಧ ಸಾಮಾನ ಹಳೆ ಮನ್ಯಾಗ ಉಳದೈತ್ರಿ. ನೀವು ಬಂದು ಒಯ್ಯಬೇಕಾಗೇತಿ.” ಬೇರೇನೂ ಹೇಳಲಿಲ್ಲ.

ಮರುದಿನ ಇಬ್ಬರು ಆಳುಗಳ ಜೊತೆ ಟೆಂಪೊ ತೆಗೆದುಕೊಂಡು ಹೋದೆ. ಹೊಸ ಮನೆ ಮೊದಲ ಮಾಳಿಗೆಯ ಮೇಲಿತ್ತು. ಹೊರಗಿನಿಂದ ಹತ್ತುವ ಮೆಟ್ಟಿಲು. ಒಬ್ಬ ಮನುಷ್ಯ ಕೊಡ ಹೊತ್ತು ಹೋಗುವಷ್ಟೇ ಅಗಲ, ನಡುವೆ ಒಂದು ಬಿರುಸು ತಿರುವು, ಪಕ್ಕಕ್ಕೆ ಹಿಡಿಕೆಯಿಲ್ಲ. ಕೆಳಗೆ ಅಂಗಳದಲ್ಲಿ ಒಂದು ಕಬ್ಬಿಣದ ತಿಜೋರಿ ಮಗ್ಗುಲಾಗಿ ಬಿದ್ದಿತ್ತು. ಬಟ್ಟೆಬರೆ ಇಡುವ ದೊಡ್ಡ ತಿಜೋರಿ. ಬಾಗಿಲು ಸೊಟ್ಟಗಾಗಿ ತೆರೆದುಕೊಂಡಿತ್ತು, ಒಳಗೆ ಇನ್ನೂ ಸೀರೆಗಳಿದ್ದವು. ಕೆಳಗಿನ ಮೂರು ಮೆಟ್ಟಿಲುಗಳನ್ನು ಯಾರೋ ತಿಕ್ಕಿ ತೊಳೆದಿದ್ದರು. ಉಳಿದವುಗಳ ಮೇಲೆ ಧೂಳಿತ್ತು.

ನನಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ತಿಜೋರಿ ಖಾಲಿ ಮಾಡಿರಲಿಲ್ಲ. ಬಾಗಿಲಿಗೆ ಹಗ್ಗ ಕಟ್ಟಿರಲಿಲ್ಲ. ಇಬ್ಬರು ಮೇಲೆ, ಇಬ್ಬರು ಕೆಳಗೆ, ನಾಲ್ವರದೂ ಒಟ್ಟಿಗೆ ಕೂಗಾಟ. ತಿರುವಿನಲ್ಲಿ ಬಾಗಿಲು ಫಟ್ಟನೆ ತೆರೆದು ಮೇಲಿದ್ದವನ ಕೈಗೆ ಬಡಿದಿದೆ. ಅವನು ಕೈ ಬಿಟ್ಟಿದ್ದಾನೆ. ಕೆಳಗಿದ್ದ ಒಬ್ಬ ಪಕ್ಕಕ್ಕೆ ಹಾರಿದ್ದಾನೆ. ಇನ್ನೊಬ್ಬ ಹಾರಿಲ್ಲ. ಆಮೇಲೆ ಮಾಸ್ತರರು ಹೇಳಿದ್ದೂ ಹೆಚ್ಚುಕಡಿಮೆ ಇದೇ. ಹಾರದೆ ನಿಂತವನು ಅವರ ತಮ್ಮ ಸಂಗಮೇಶ.

“ನೀವು ಹೇಳಿದಂಗ ನಾವ ಮಾಡಿದ್ವಿರಿ” ಎಂದರು ಮಾಸ್ತರ. ಅದರಲ್ಲಿ ಸಿಟ್ಟಿರಲಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತಿದ್ದರು. ಸಿಟ್ಟು ಮಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆ ತಿಜೋರಿಯನ್ನು ಅಂದು ನಾವು ಮೂವರೇ ಮೇಲೆ ಏರಿಸಿದೆವು. ಖಾಲಿ ಮಾಡಿ, ಬಾಗಿಲು ಬಿಗಿದು ಕಟ್ಟಿ, ಬೆನ್ನ ಮೇಲೆ ಮಲಗಿಸಿ, ಕೆಳಗೆ ಗಾದಿ ಹಾಸಿ, ಹಗ್ಗದಿಂದ ಮೇಲಕ್ಕೆ ಜಗ್ಗಿಕೊಂಡೆವು. ಕಾಲು ಗಂಟೆಯೂ ಹಿಡಿಯಲಿಲ್ಲ. ಮಾಸ್ತರರು ಅಂಗಳದಲ್ಲಿ ನಿಂತು ಅದನ್ನು ನೋಡುತ್ತಿದ್ದರು. ಅವರು ನೋಡದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸುತ್ತಿತ್ತು.

ಸಂಗಮೇಶನನ್ನು ಬಾಗಲಕೋಟೆಯ ಆಸ್ಪತ್ರೆಯಲ್ಲಿ ಇಟ್ಟಿದ್ದರು. ಹೋಗದೆ ಇರಬಹುದಿತ್ತು. ನನ್ನ ಹೆಂಡತಿಯೇ, “ಹೋಗಿ ಬರ್ರಿ, ಹೋಗಲಿಲ್ಲಂದ್ರ ನೀವು ಮನ್ಯಾಗ ಕುಂತ ಏನ ಮಾಡವರದೀರಿ?” ಎಂದಳು. ಹೋದೆ. ಮಂಚ ಸಾಲದಷ್ಟು ಎತ್ತರದ ಆಳು. ಬಲಗಾಲಿನ ಪಾದ ಜಜ್ಜಿಹೋಗಿತ್ತು. ಎರಡು ಬೆರಳು ತೆಗೆದಿದ್ದರು, ಹಿಮ್ಮಡಿಯ ಎಲುಬು ಮತ್ತೆ ಮೊದಲಿನಂತೆ ಕೂಡುವುದಿಲ್ಲ ಎಂದಿದ್ದರು. ನಡೆಯಬಹುದು, ಕುಸ್ತಿ ಸಾಧ್ಯವಿಲ್ಲ.

ನಾನು ಯಾರೆಂದು ಹೇಳಿದೆ. ಫೋನಿನಲ್ಲಿ ಏನು ಹೇಳಿದ್ದೆ ಎಂಬುದನ್ನೂ ಹೇಳಿದೆ. ಅವನು ಪಟ್ಟಿ ಕಟ್ಟಿದ ತನ್ನ ಕಾಲನ್ನು ನೋಡಿದ. ಆಮೇಲೆ ಕೇಳಿದ:

“ನಾ ಕೆಳಗ ನಿಂತಿದ್ದೆ ಕಾಕಾ. ತಾಕತ್ತ ನನಗ ಹೆಚ್ಚೈತಿ, ಭಾರ ಕೆಳಗಿನವನ ಮ್ಯಾಲ ಬರತೈತಿ ಅಂತ ನಾನ ನಿಂತೆ. ನೀವಾಗಿದ್ರ ಕೆಳಗ ಯಾರನ್ನ ನಿಂದರಸ್ತಿದ್ರಿ?”

ಸುಳ್ಳು ಹೇಳಲು ಆಗಲಿಲ್ಲ.

“ಅಲ್ಲಿ ಯಾರೂ ನಿಂದರೂದಿಲ್ಲಪಾ.”

ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಪಕ್ಕದಲ್ಲಿದ್ದ ಅವನ ಅವ್ವ ನನ್ನ ಕೈಗೆ ಒಂದು ಬಾಳೆಹಣ್ಣು ಕೊಟ್ಟಳು. ನೋಡಲು ಬಂದವರಿಗೆ ಕೊಡುವಂತೆ ನನಗೂ ಕೊಟ್ಟಳು. ಅದನ್ನು ಹಿಡಿದುಕೊಂಡೇ ಬಸ್ ನಿಲ್ದಾಣದವರೆಗೆ ನಡೆದೆ.

ಅಂದಿನಿಂದ ಎರಡೂ ಮನೆ ನೋಡದೆ ನಾನು ಯಾರಿಗೂ ಉತ್ತರ ಹೇಳಲಿಲ್ಲ. ರಫೀಕ ಬೇಡವೆಂದ. ನಾನು ನನ್ನ ಬೈಕಿನ ಮೇಲೆ, ನನ್ನ ಬಿಡುವಿನಲ್ಲಿ ಹೋಗತೊಡಗಿದೆ. ಸಾವಳಗಿಗೂ ಹೋದೆ, ಹಿಪ್ಪರಗಿಗೂ ಹೋದೆ. ನೋಡಿ ಬಂದು ಎಷ್ಟೋ ಮಂದಿಗೆ “ನೀವ ಮಾಡ್ಕೋರಿ” ಎಂದೇ ಹೇಳಿದ್ದೇನೆ. ನೆಲಮಟ್ಟದ ಮನೆ, ಟ್ರ್ಯಾಕ್ಟರ್ ಬಾಗಿಲಿಗೆ ಬರುತ್ತದೆ, ಬಂಧುಗಳಿದ್ದಾರೆ ಅಂದರೆ ನಮ್ಮ ಅಗತ್ಯವಿಲ್ಲ. ಅಂಥವರಿಗೆ ತಿಜೋರಿಯ ಬಾಗಿಲು ಕಟ್ಟುವುದನ್ನು ತೋರಿಸಿ, ಒಬ್ಬನೇ ಕೂಗಬೇಕು ಉಳಿದವರು ಕೇಳಬೇಕು ಎಂದು ಹೇಳಿ ಬರುತ್ತಿದ್ದೆ. ಕೆಲವರಿಗೆ ಮೆಟ್ಟಿಲು ತೋರಿಸಿ, “ನಮ್ಮನ್ನ ಕರೀದಿದ್ರೂ ಚಿಂತಿಲ್ಲ, ಬಲ್ಲವರನ್ನ ಯಾರನ್ನರ ಕರೀರಿ” ಎಂದೂ ಹೇಳಿದ್ದೇನೆ. ಈಗ ಜನ ಮನೆಯ ವಿಡಿಯೊ ತೆಗೆದು ಕಳಿಸುತ್ತಾರೆ. ಅದರಲ್ಲಿ ಕೋಣೆಗಳೆಲ್ಲ ಇರುತ್ತವೆ. ಮೆಟ್ಟಿಲು ಇರುವುದಿಲ್ಲ. ನಂಬಬೇಡಿ, ಹೋಗಿ ನೋಡಿ.

ಸಂಗಮೇಶ ಈಗ ಗರಡಿಯಲ್ಲಿ ಕಿರಿಯರಿಗೆ ಪಟ್ಟು ಹೇಳಿಕೊಡುತ್ತಾನೆ, ಕುರ್ಚಿಯ ಮೇಲೆ ಕೂತು. ಮುಧೋಳದಲ್ಲಿ ಸಿಕ್ಕರೆ ಚಹಾ ಕುಡಿಸದೆ ಬಿಡುವುದಿಲ್ಲ. ಕ್ಷಮಿಸಿದ್ದೇನೆ ಎಂದು ಅವನು ಹೇಳಿಲ್ಲ, ನಾನೂ ಕೇಳಿಲ್ಲ.

ಕೆಲಸ ಬಿಡುವ ಹಿಂದಿನ ವರ್ಷದ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಬೀಳಗಿಯಲ್ಲಿ ವೀರಭದ್ರಪ್ಪ ಎಂಬ ಸರ್ಕಾರಿ ಗುಮಾಸ್ತರಿದ್ದರು. ಜಮಖಂಡಿಗೆ ವರ್ಗವಾಗಿತ್ತು. ಮನೆ ನೋಡಲು ಹೋದೆ. ನೆಲಮಟ್ಟದ ಮೂರು ಕೋಣೆಯ ಮನೆ, ಸಾಮಾನು ಕಡಿಮೆ. ಜಮಖಂಡಿಯ ಮನೆಯೂ ನೆಲಮಟ್ಟದ್ದೇ, ಅದನ್ನು ಮೊದಲೇ ನೋಡಿ ಬಂದಿದ್ದೆ.

“ಇದಕ್ಕ ನಾವು ಯಾಕ್ರಿ ಸಾಹೇಬ್ರ? ಒಂದ ಟೆಂಪೊ ಹೇಳಿದ್ರ ನೀವ ಒಯ್ಬಹುದು” ಎಂದೆ.

ಅವರು ಒಳಗಿನ ಒಂದು ಮುಚ್ಚಿದ ಬಾಗಿಲು ತೋರಿಸಿದರು. “ಉಳದದ್ದು ನಾವ ಕಟ್ಟಿಡತೀವ್ರಿ. ಆ ಖೋಲಿ ಅಷ್ಟ ನೀವು ಕಟ್ಟಿಕೊಡ್ರಿ.”

ಅದು ಅವರ ಮಗಳು ಸವಿತಾಳ ಕೋಣೆ. ಒಬ್ಬಳೇ ಮಗಳು. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತಂತೆ. ಜ್ವರ ಬಂದು ಹುಬ್ಬಳ್ಳಿಗೆ ಒಯ್ದರೂ ಉಳಿಯಲಿಲ್ಲ. ಅಂದು ಮುಚ್ಚಿದ ಬಾಗಿಲನ್ನು ಗಂಡ ಹೆಂಡತಿ ಇಬ್ಬರೂ ತೆರೆದಿರಲಿಲ್ಲ. ಅವಳ ತಾಯಿ ನೀಲವ್ವ ಒಲೆಯ ಹತ್ತಿರ ನಿಂತು, ನಮ್ಮ ಕಡೆ ನೋಡದೆ, “ನನ್ನ ಕೈಲೆ ಆಗೂದಿಲ್ರಿ” ಎಂದರು.

ಹೇಳಿದ ದಿನ ನಾನು ಇಬ್ಬರು ಆಳುಗಳ ಜೊತೆ ಹೋದೆ. ಮನೆಯವರು ಕಟ್ಟಿಟ್ಟಿದ್ದ ಹೊರಗಿನ ಸಾಮಾನು ಏರಿಸಲು ಆಳುಗಳಿಗೆ ಹೇಳಿ, ಆ ಕೋಣೆಗೆ ನಾನೊಬ್ಬನೇ ಹೊಕ್ಕೆ. ನೀಲವ್ವ ಬಾಗಿಲ ಹೊರಗೆ, ಗೋಡೆಗೆ ಬೆನ್ನು ಕೊಟ್ಟು ಕೂತರು. ಒಳಗೆ ನೋಡಲು ಆಗದು, ಬಿಟ್ಟು ಹೋಗಲೂ ಆಗದು. ನನಗೆ ಏನನಿಸಿತೋ, ಒಂದೊಂದು ಸಾಮಾನು ಡಬ್ಬಿಗೆ ಇಡುವಾಗಲೂ ಗಟ್ಟಿಯಾಗಿ ಹೇಳತೊಡಗಿದೆ.

“ನೀಲಿ ಚೂಡಿದಾರ ಐತ್ರಿ ಅವ್ವಾ. ಮಡಚಿ ಇಟ್ಟೆ.”

“ಹೂಂ.”

“ಪುಸ್ತಕ ಐದ ಅದಾವು. ಬ್ಯಾರೆ ಕಟ್ಟೇನಿ.”

“ಹೂಂ.”

“ಗಡಿಯಾರ. ನಿಂತೈತ್ರಿ. ಹತ್ತಿ ಸುತ್ತೇನಿ.”

ಹೀಗೆ ಅರ್ಧ ಕೋಣೆ ಮುಗಿಯಿತು. ಮಂಚದ ಕೆಳಗೆ ಬಗ್ಗಿದೆ. ಅಲ್ಲಿ ಒಂದು ಜೊತೆ ಚಪ್ಪಲಿಗಳಿದ್ದವು. ದಿನಾ ಮೆಟ್ಟಿದ ಚಪ್ಪಲಿ, ಹಿಮ್ಮಡಿಯ ಕಡೆ ಸವೆದಿದ್ದವು. ನಮ್ಮ ಕೆಲಸದಲ್ಲಿ ಚಪ್ಪಲಿಯನ್ನು ಬಟ್ಟೆಯ ಜೊತೆ ಇಡುವುದಿಲ್ಲ, ಪುಸ್ತಕದ ಜೊತೆ ಇಡುವುದಿಲ್ಲ. ಎಲ್ಲರವನ್ನೂ ಒಂದು ಗೋಣಿಚೀಲಕ್ಕೆ ತುಂಬಿ ಕೊನೆಗೆ ಗಾಡಿಯ ಮೂಲೆಗೆ ಎಸೆಯುತ್ತೇವೆ. ಸಾವಿರ ಸಲ ಎಸೆದಿದ್ದೇನೆ. ಅಂದು ಅವನ್ನು ಕೈಯಲ್ಲಿ ಹಿಡಿದುಕೊಂಡು ಏನು ಹೇಳಬೇಕೋ ತೋಚದೆ ನಿಂತೆ.

“ಯಾಕ ಸುಮ್ಮನಾದ್ರಿ?” ಹೊರಗಿನಿಂದ ನೀಲವ್ವ ಕೇಳಿದರು.

“ಚಪ್ಪಲಿ ಅದಾವ್ರಿ ಅವ್ವಾ.”

ಬಳೆಗಳ ಸಪ್ಪಳವಾಯಿತು. ನೀಲವ್ವ ಎದ್ದು ಒಳಗೆ ಬಂದರು. ನನ್ನ ಕೈಯಿಂದ ಅವನ್ನು ಇಸಿದುಕೊಂಡು ಮಂಚದ ಮೇಲೆ ಕೂತರು. ಸೆರಗಿನಿಂದ ಧೂಳು ಒರೆಸಿದರು, ಮೊದಲು ಒಂದು, ಆಮೇಲೆ ಇನ್ನೊಂದು. “ಇವನ್ನ ಗೋಣ್ಯಾಗ ಹಾಕಬ್ಯಾಡ್ರಿ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ನೀವು ಹೊರಗ ಕೂಡ್ರಿ ಅಣ್ಣಾರ. ಉಳದದ್ದು ನಾ ಕಟ್ಟತೇನಿ” ಎಂದರು.

ನಾನು ಹೊರಗೆ ಬಂದೆ. ವೀರಭದ್ರಪ್ಪನವರು ಒಳಗೆ ಹೋದರು. ನಾವು ಮೂವರು ಬೇವಿನ ಮರದ ಕೆಳಗೆ ಮಧ್ಯಾಹ್ನದವರೆಗೂ ಕೂತೆವು. ಒಳಗಿನಿಂದ ಒಮ್ಮೆ ಅಳು ಕೇಳಿಸಿತು, ಒಮ್ಮೆ ಮಾತು ಕೇಳಿಸಿತು. ರಫೀಕ ಎರಡು ಸಲ ಫೋನ್ ಮಾಡಿ ಯಾಕೆ ತಡ ಎಂದು ಕೇಳಿದ. ಆಗುತ್ತದೆ ಎಂದಷ್ಟೇ ಹೇಳಿದೆ.

ಗಂಡ ಹೆಂಡತಿ ಹೊರಬಂದಾಗ ಕೈಯಲ್ಲಿ ಒಂದು ರಟ್ಟಿನ ಡಬ್ಬಿಯಿತ್ತು. ಉಳಿದ ಡಬ್ಬಿಗಳನ್ನೆಲ್ಲ ನಮಗೆ ಒಪ್ಪಿಸಿದರು. ಅದೊಂದನ್ನು ಕೊಡಲಿಲ್ಲ. “ಇದನ್ನ ನಾವು ಬಸ್ಸಿನ್ಯಾಗ ತರತೀವ್ರಿ” ಎಂದರು ವೀರಭದ್ರಪ್ಪ. ಟೆಂಪೊದಲ್ಲಿ ಮುಂದೆ ಸೀಟಿದೆ, ನಮ್ಮ ಜೊತೆಯೇ ಬನ್ನಿ ಎಂದು ಹೇಳಲು ಬಾಯಿಗೆ ಬಂದಿತ್ತು. ಹೇಳಲಿಲ್ಲ.

ನಾವು ಮೊದಲು ಜಮಖಂಡಿ ಮುಟ್ಟಿದೆವು. ಸಾಮಾನು ಇಳಿಸಿ, ಮಂಚ ಹಾಕಿ, ಒಲೆ ಜೋಡಿಸಿ, ಬಾಗಿಲಲ್ಲಿ ಕೂತು ದಾರಿ ನೋಡಿದೆವು. ಸಂಜೆಯ ಹೊತ್ತಿಗೆ ಓಣಿಯ ತುದಿಯಲ್ಲಿ ಇಬ್ಬರೂ ಕಾಣಿಸಿದರು. ಡಬ್ಬಿಯ ಒಂದು ತುದಿ ವೀರಭದ್ರಪ್ಪ ಹಿಡಿದಿದ್ದರು, ಇನ್ನೊಂದು ತುದಿ ನೀಲವ್ವ. ಒಬ್ಬರೇ ಬಗಲಲ್ಲಿ ಹಿಡಿದು ಬರಬಹುದಾದಷ್ಟು ಹಗುರ ಅದು. ನಿಲ್ಲುತ್ತ, ಕೈ ಬದಲಿಸುತ್ತ, ಮೆಲ್ಲಗೆ ಬರುತ್ತಿದ್ದರು. ನನ್ನ ಆಳುಗಳಲ್ಲಿ ಒಬ್ಬ ರೂಢಿಯಂತೆ ಮುಂದಕ್ಕೆ ಹೆಜ್ಜೆ ಹಾಕಿದವನು ತಾನಾಗಿಯೇ ನಿಂತ. ನಾವು ಮೂವರೂ ಎದ್ದು, ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದೆವು. ಅವರು ನಮ್ಮ ನಡುವಿನಿಂದ ಹಾದು ಒಳಗೆ ಹೋದರು. ಯಾರೂ ಕೈ ಚಾಚಲಿಲ್ಲ.